ಹಣೆಯ ಮೇಲಿನ ಸರಿ

ಪಾಮನಕಲ್ಲೂರಿನ ಗಿರಿಯಮ್ಮನ ಗಂಡ ಗ್ಯಾನಪ್ಪ ಹಲಗೆಯ ಮೇಲೆ ದೇವರನ್ನು ಬರೆಯುತ್ತಿದ್ದ. ಬಣ್ಣ ಅರೆಯುವುದು ಅವನ ಕೆಲಸ. ಹುಣಸೆ ಬೀಜ ಹುರಿದು, ನೆನೆಸಿ, ರುಬ್ಬಿ, ಕುದಿಸಿ, ಬಣ್ಣ ಹಲಗೆಗೆ ಹಿಡಿಯುವ ಅಂಟು ಮಾಡುವುದು ಇವಳದು. ಆ ಅಂಟಿಗೆ ಅವರ ಮನೆಯಲ್ಲಿ ಸರಿ ಅನ್ನುತ್ತಿದ್ದರು. ಸರಿ ತೆಳುವಾದರೆ ಗ್ಯಾನಪ್ಪ ಬೈಯುತ್ತಿರಲಿಲ್ಲ. ಊಟ ಬಿಟ್ಟು ಸುಮ್ಮನೆ ಕೂರುತ್ತಿದ್ದ. ಬೈದಿದ್ದರೇ ಚೆನ್ನಾಗಿತ್ತು.

ಹೋದ ಸುಗ್ಗಿಯಲ್ಲಿ ಅವನು ತೀರಿಕೊಂಡ.

ಗುರುಗುಂಟಾದ ಗುಡಿಯಲ್ಲಿ ಅವನು ಬರೆದ ದೇವಿಯ ಹಲಗೆ ಇತ್ತು. ದೀಪದ ಹೊಗೆಗೆ ಕಪ್ಪಾಗಿತ್ತು. ಅದನ್ನು ಪರೀಕ್ಷೆ ಮಾಡಿ ಸ್ವಚ್ಛ ಮಾಡಲು ಮೈಸೂರು ಕಡೆಯಿಂದ ರೂಪಾ ಎಂಬ ಹುಡುಗಿ ಬಂದಳು. ಪೂಜಾರಿ ಯಮನೂರ ಹೇಳಿ ಕಳಿಸಿದ. ಗಿರಿಯಮ್ಮ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹೋದಳು.

ರೂಪಾಳ ಕೈಯಲ್ಲಿ ಬಂದೂಕಿನಂಥ ಮಷೀನು. ಬಣ್ಣಕ್ಕೆ ಹಿಡಿದರೆ ಅದರೊಳಗೆ ಏನಿದೆ ಎಂದು ತೋರಿಸುತ್ತದೆ. ಸೀರೆಯ ಕೆಂಪಿನಲ್ಲಿ ಕಬ್ಬಿಣ ಸಿಕ್ಕಿತು, ಅಂದರೆ ಕೆಮ್ಮಣ್ಣು. ಅಂಚಿನ ಹಳದಿಯಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು. ಅದು ಹರದಾಳ ಎಂಬ ಹಳದಿ ಕಲ್ಲು, ಅದನ್ನು ಅರೆಯುವಾಗ ಗ್ಯಾನಪ್ಪ ಇವಳನ್ನು ಹತ್ತಿರ ಬರಗೊಡುತ್ತಿರಲಿಲ್ಲ. ದೇವಿಯ ಹಣೆಯ ಕೆಂಪಿಗೆ ಹಿಡಿದಾಗ ಮಾತ್ರ ಬರೀ ಸುಣ್ಣ. ಅರಿಶಿನ, ಅಂಟಿನಂಥದ್ದು ಆ ಮಷೀನಿಗೆ ಕಾಣುವುದಿಲ್ಲ. ಇದು ಬಣ್ಣವಲ್ಲ, ಭಕ್ತರು ಹಚ್ಚಿದ ಅರಿಶಿನ ಸುಣ್ಣದ ಕುಂಕುಮ, ಒರೆಸಲೇ ಎಂದು ರೂಪಾ ಕೇಳಿದಳು.

ಅದು ಭಕ್ತರದಲ್ಲ ಎಂದು ಗಿರಿಯಮ್ಮನಿಗೆ ಗೊತ್ತಿತ್ತು. ದೇವಿಗೆ ಕೊನೆಯದಾಗಿ ಕಣ್ಣು ಬರೆದು ತೆರೆಯುವ ದಿನ ಗ್ಯಾನಪ್ಪ ಹೆಂಡತಿಯ ಹಣೆಯ ಕುಂಕುಮವನ್ನೇ ಹೆಬ್ಬೆರಳಿಗೆ ತೆಗೆದು, ಸರಿಯಲ್ಲಿ ಕಲಸಿ ದೇವಿಯ ಹಣೆಗೆ ಇಡುತ್ತಿದ್ದ. ಅವನ ಅಪ್ಪನೂ ಹಾಗೇ ಇಡುತ್ತಿದ್ದ. ಇವಳ ಹಣೆ ಈಗ ಬೋಳು. ಇವಳ ಕುಂಕುಮ ಉಳಿದದ್ದು ಆ ಹಲಗೆಯ ಮೇಲೆ.

ಗಿರಿಯಮ್ಮ ಹಲಗೆಯ ಹತ್ತಿರ ಹೋಗಿ ಆ ಕೆಂಪಿನತ್ತ ಬೆರಳು ತೋರಿಸಿದಳು.

“ಅದು ಸರಿ ಐತಿ, ತಂಗಿ,” ಅಂದಳು.

ರೂಪಾ ತಲೆಯಾಡಿಸಿ ಹತ್ತಿಯನ್ನು ನೀರಿಗೆ ಅದ್ದಿದಳು. ಗಿರಿಯಮ್ಮ ಅವಳ ಕೈ ಹಿಡಿದುಬಿಟ್ಟಳು. ಯಮನೂರನಿಗೆ ನಗು ಬಂತು.

“ನೀ ಸರಿ ಅಂದ್ರ ಆಕಿ ಹೂಂ ಅಂತ ತಿಳಕೊಂಡಾಳ ಬೇ. ಬಿಡಿಸಿ ಹೇಳು.”

“ಅಂಟು, ತಂಗಿ. ನಾ ಕುದಿಸಿದ್ದ ಅಂಟು. ಕುಂಕುಮನೂ ನಂದ. ಆತ ಇಟ್ಟಾನ. ನೀರು ಹಚ್ಚಬ್ಯಾಡ.”

ರೂಪಾ ಹತ್ತಿಯನ್ನು ಕೆಳಗಿಟ್ಟಳು. ಒಣ ಕುಂಚ ಆಡಿಸಿದಾಗ ಮೇಲಿನ ಕುಂಕುಮ ಪುಡಿಪುಡಿಯಾಗಿ ಉದುರಿತು. ಒಳಗಿನದು ಕದಲಲಿಲ್ಲ. ಅದರಿಂದ ಗಸಗಸೆಯಷ್ಟು ಚೂರು ತೆಗೆದುಕೊಂಡು, ಲ್ಯಾಬಿನಲ್ಲಿ ನೋಡುವ ತನಕ ಹಣೆ ಮುಟ್ಟುವುದಿಲ್ಲ ಎಂದು ಹೇಳಿ ಹೋದಳು.

ಕೆಲವು ದಿನಗಳ ಮೇಲೆ ಗಿರಿಯಮ್ಮನಿಗೆ ಫೋನು ಬಂತು. ಚೂರಿನಲ್ಲಿ ಹುಣಸೆ ಬೀಜದ ಅಂಟು ಇದೆ, ಅದು ಚಿತ್ರಗಾರನ ಕೈಯದೇ, ಹಾಗೇ ಬಿಡುತ್ತೇವೆ ಅಂದಳು ರೂಪಾ.

ಹಲಗೆ ಸ್ವಚ್ಛವಾದ ಮೇಲೆ ಗಿರಿಯಮ್ಮ ಮತ್ತೆ ಹೋದಳು. ಹಣೆಯ ಕೆಂಪು ಅವಳು ನೆನೆದದ್ದಕ್ಕಿಂತ ಸಣ್ಣದಿತ್ತು. ಅಂಚಿನಲ್ಲಿ ಹೆಬ್ಬೆರಳಿನ ಗೆರೆ. ಮುಟ್ಟಲು ಕೈ ಎತ್ತಿದವಳು ಸೆರಗಿನೊಳಗೆ ಎಳೆದುಕೊಂಡಳು.

“ಈ ಹಣಿಗೆ ಇಟ್ಟ ದಿನ ಸರಿ ತೆಳು ಆಗಿತ್ತು,” ಎಂದು ಯಮನೂರನಿಗೆ ಹೇಳಿದಳು. “ಊಟ ಬಿಟ್ಟು ಕುಂತಿದ್ದ. ಆದ್ರೂ ಹಿಡದೈತಿ ನೋಡು.”