ಬರೀ ನೀರಿನ ಬಾಟಲಿ

ನಮ್ಮ ಹೊಳಲ್ಕೆರೆ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುತ್ತಾರೆ. ಆ ಸಿಪ್ಪೆಯನ್ನೇ ಚೀಲಕ್ಕೆ ತುಂಬಿಕೊಂಡು ನಾನು ಚಿತ್ರದುರ್ಗದ ಬಸ್ಸು ಹತ್ತಿದರೆ ಕಂಡಕ್ಟರಿಗೂ ನಗು. ಕಾಲೇಜಿನ ಲ್ಯಾಬಿನಲ್ಲಿ ಅದಕ್ಕೆ ನೀರು ಹಾಕಿ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ ಸೋಸಿದರೆ ಟೀ ಬಣ್ಣದ ನೀರು ಸಿಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳು. ನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ನೀಲಿಯಾಗಿ ಹೊಳೆಯುತ್ತವೆ. ಇದಕ್ಕೆ ಬೆರೆಸಿದ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಹೊಳಪು ಮಂಕಾಗುತ್ತದೆ. ನನ್ನ ಪಿಎಚ್‌ಡಿ ನಿಂತಿದ್ದೇ ಈ ಹೊಳಪಿನ ಮೇಲೆ.

ಮರುದಿನ ಗೈಡ್ ಆ ಹೊಳಪು ನೋಡಲು ಲ್ಯಾಬಿಗೆ ಬರುವವರಿದ್ದರು. ಕಾಲೇಜಿನ ನಲ್ಲಿಯಲ್ಲಿ ನೀರಿರಲಿಲ್ಲ, ಸಿಪ್ಪೆಯ ನೀರಿನ ಜೊತೆ ಬಾಟಲಿಗಳನ್ನೂ ತೊಳೆಯಲು ಮನೆಗೇ ತಂದಿದ್ದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಅವನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಒಂದಕ್ಕೆ ಸಿಪ್ಪೆಯ ನೀರು, ಹೋಲಿಸಿ ನೋಡಲು ಇನ್ನೊಂದಕ್ಕೆ ಬರೀ ಡಿಸ್ಟಿಲ್ಡ್ ನೀರು ತುಂಬಿಸಿ, ಉಗ್ರಾಣದ ಬಾಗಿಲು ಹಾಕಿಕೊಂಡು ಟಾರ್ಚ್ ಬಿಟ್ಟೆ.

ಎರಡೂ ಹೊಳೆದವು.

ಬರೀ ನೀರೇ ಹೊಳೆಯುವುದಾದರೆ ಇಷ್ಟು ದಿನ ನಾನು ಕಂಡಿದ್ದಾದರೂ ಏನು? ಗೈಡ್ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

"ಯಾಕಮ್ಮ, ಒಳಗೇ ಕುಂತ್ಬಿಟ್ಟೆ?" ಎನ್ನುತ್ತಾ ಅತ್ತೆ ಬಂದರು. ಗಾಬರಿಯಲ್ಲಿ ಟಾರ್ಚ್ ಅವರ ಕಡೆ ತಿರುಗಿತು. ಅವರ ಬಿಳಿ ರವಿಕೆಯೂ ಅದೇ ನೀಲಿ!

"ಅತ್ತೆ, ಬಾಟ್ಲಿ ಯಾತರಾಗೆ ತೊಳೆದ್ರಿ?"

"ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದೆ ಕಣಮ್ಮ. ಬರೀ ನೀರಾಗೆ ತೊಳೆದ್ರೆ ಅಡಿಕೆ ಕರೆ ಹೋಗ್ತೈತೇನು?"

ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ವಸ್ತುವೂ ಈ ಬೆಳಕಿಗೆ ನೀಲಿಯಾಗುತ್ತದೆ. ಕಾರಣ ಸಿಕ್ಕರೂ ಭಯ ಹೋಗಲಿಲ್ಲ. ನನ್ನ ಸಿಪ್ಪೆಯ ನೀರಿನಲ್ಲಿ ಹೊಳೆದದ್ದೂ ಬರೀ ಸೋಪೇ ಆಗಿದ್ದರೆ? ಡಿಸ್ಟಿಲ್ಡ್ ನೀರಿನಲ್ಲಿ ಬಾಟಲಿಗಳನ್ನು ಮತ್ತೆ ಮತ್ತೆ ಜಾಲಾಡಿಸಿ ಎರಡನ್ನೂ ಹೊಸದಾಗಿ ತುಂಬಿಸಿದೆ.

"ನೀವೇ ಟಾರ್ಚ್ ಬಿಡ್ರಿ ಅತ್ತೆ. ಮೊದಲು ಬರೀ ನೀರಿಗೆ," ಎಂದು ಕಣ್ಣು ಮುಚ್ಚಿಕೊಂಡೆ.

"ಏನೂ ಕಾಣಲ್ಲ ಕಣಮ್ಮ. ಕತ್ಲೆ." ಅವರ ದನಿ ಇಳಿದುಹೋಗಿತ್ತು.

"ಇನ್ನೊಂದಕ್ಕೆ?"

"ಇದು ಹತ್ಕಂಡೈತೆ ನೋಡು, ನೀಲಿ!"

ಕಣ್ಣು ಬಿಟ್ಟವಳೇ ಅವರ ಕೈ ಹಿಡಿದು ಅತ್ತುಬಿಟ್ಟೆ. ಅತ್ತೆ ಇನ್ನೂ ಆ ಕತ್ತಲೆ ಬಾಟಲಿಯನ್ನೇ ನೋಡುತ್ತಿದ್ದರು.

"ಅಳಬ್ಯಾಡ ಕಣಮ್ಮ," ಎಂದರು. "ನಾಳೆ ಇದನ್ನ ಇನ್ನೊಂದ್ಸಲ ಚೆನ್ನಾಗಿ ತಿಕ್ತೀನಿ. ಇದೂ ಹತ್ಕಂತೈತೆ."