ಹೊಡೆದುಹಾಕಿದ ಎರಡು ಸಾಲು

ಹುನಗುಂದದ ಹತ್ತಿರದ ಆ ಕಾರ್ಖಾನೆಯಲ್ಲಿ ಮೆಕ್ಕೆಜೋಳದಿಂದ ಗ್ಲೂಕೋಸ್ ಪಾಕ ತೆಗೆಯುತ್ತಾರೆ. ನಾನು ಅಲ್ಲಿ ಎಂಜಿನಿಯರ್. ಬಿಸಿ ಪಾಕ ಸೋಸಲು ಹೊಸ ಫಿಲ್ಟರ್ ತರಿಸಬೇಕಾದಾಗ, ಎಂಥದ್ದು ಬೇಕೆಂದು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಗಂಟೆಗೆ ಎಷ್ಟು ಪಾಕ, ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ಸಣ್ಣ ಕಸ ಹಿಡಿಯಬೇಕು, ಎಲ್ಲವನ್ನೂ ಹಾಳೆಯಲ್ಲಿ ತುಂಬಿದೆ. ಮುಚ್ಚಳವನ್ನು ದಿನಕ್ಕೆ ಎಷ್ಟು ಸಲ ತೆಗೆಯುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆಪರೇಟರನ್ನು ಕೇಳಿದೆ. ಬೇವೂರಿನವರು, ಆ ಪೈಪುಗಳ ನಡುವೆಯೇ ಹನ್ನೆರಡು ವರ್ಷ ದುಡಿದವರು.

"ಪಾಳಿಗೆ ಮೂರ್ ಸಲ ತೆಗೀತೇನ್ರಿ ಮೇಡಂ. ಸೋಸೂ ಚೀಲ ಕಟ್ಕೊಂಡ್ ಬಿಡ್ತಾವ. ಒಳಗ ಒತ್ತಡ ಉಳದೈತೋ ಇಲ್ಲೋ ನಮಗ ಗೊತ್ತಾಗಬೇಕಲ್ರಿ. ಮ್ಯಾಲೊಂದು ಗಾಳಿ ಬಿಡೂ ವಾಲ್ವ್, ಒತ್ತಡ ತೋರಸೂ ಒಂದು ಗೇಜ್ ಹಾಕಸ್ರಿ."

ಎರಡನ್ನೂ ಬರೆದೆ. ಅವು ಬೇಕಾದರೆ ಒಂದು ತಿಂಗಳು ತಡವಾಗುತ್ತದೆ ಎಂದು ಫಿಲ್ಟರ್ ಮಾಡುವವರು ತಿಳಿಸಿದರು. ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, "ಆಮ್ಯಾಲ ನಾವ ಕೂಡ್ರಸೂಣು. ಈಗ ತಗದ್ ಬಿಡ್ರಿ" ಅಂದರು. ನಾನು ವಾದಿಸಲಿಲ್ಲ. ಆ ಎರಡು ಸಾಲುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ.

ಫಿಲ್ಟರ್ ಬಂದ ಮೂರನೆಯ ವಾರ, ಒಂದು ಮಧ್ಯಾಹ್ನ, ಆ ಆಪರೇಟರ್ ಪಂಪು ನಿಲ್ಲಿಸಿ ಮುಚ್ಚಳದ ಬೋಲ್ಟು ಸಡಿಲಿಸಿದರು. ಒಳಗೆ ಒತ್ತಡ ಉಳಿದಿತ್ತು, ಅದನ್ನು ತೋರಿಸಲು ಗೇಜ್ ಇರಲಿಲ್ಲ. ಪಾಕ ಚಿಮ್ಮಿ ಮುಖಕ್ಕೆ ಹೊಡೆಯಿತು. ಬಿಸಿನೀರಾದರೆ ಹರಿದುಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇತ್ತು. ಓಡಿಹೋಗಿ ಅವರ ತಲೆಯನ್ನು ನಲ್ಲಿಯ ಕೆಳಗೆ ಹಿಡಿದೆ. ಅವರು ಚೀರಲಿಲ್ಲ. "ಕಣ್ಣು ನೋಡ್ರಿ, ಕಣ್ಣು ನೋಡ್ರಿ" ಎನ್ನುತ್ತಿದ್ದರು.

ಬಲಗಣ್ಣು ಉಳಿಯಲಿಲ್ಲ.

ತನಿಖೆಯ ವರದಿಯಲ್ಲಿ 'ಆಪರೇಟರನ ಅಜಾಗರೂಕತೆ' ಎಂದಿತ್ತು. ತಪ್ಪು ಅವರದಲ್ಲ ಎಂದು ನಾನು ಪತ್ರ ಬರೆದು, ಸಾಲು ಹೊಡೆದುಹಾಕಿದ ಆ ಹಾಳೆಯ ಪ್ರತಿಯನ್ನೂ ಇಟ್ಟು ಮ್ಯಾನೇಜರಿಗೆ ಕೊಟ್ಟೆ. ಅವರು ಓದಿ, ಮಡಚಿ, ಡ್ರಾಯರಿಗೆ ಹಾಕಿದರು.

"ಸಹಿ ನಿಮ್ದ ಐತಿ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಇನ್ನೊಂದು ಪ್ರತಿ ನನ್ನ ಬಳಿ ಇತ್ತು. ಯಾರಿಗೂ ಕಳಿಸಲಿಲ್ಲ.

ಎರಡು ತಿಂಗಳಾದ ಮೇಲೆ ಬೇವೂರಿಗೆ, ಆಪರೇಟರ್ ಮನೆಗೆ ಹೋಗಿ ಅವರ ಮುಂದೆ ಕೂತು ಎಲ್ಲ ಹೇಳಿದೆ. ಚಹಾ ತಂದಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ಆಪರೇಟರ್ ಎಡಗಣ್ಣಿನಿಂದ ನನ್ನನ್ನು ನೋಡಿದರು.

"ಇದನ್ನ ಅಲ್ಲಿ ಹೇಳಬೇಕಿತ್ರಿ, ಮೇಡಂ. ಇಲ್ಲಿ ಬಂದು ಹೇಳಿದ್ರ ನಾ ಏನ್ ಮಾಡ್ಲಿ?"

ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ನಾನು ಇನ್ನೂ ಅದೇ ಕಾರ್ಖಾನೆಯಲ್ಲಿದ್ದೇನೆ.