ಲೇತಿಗೆ ಸಿಕ್ಕಿದ ಜನಿವಾರ

ಮೊನ್ನೆ ಮಿಜಾರಿನ ಒಂದು ಪೀಠೋಪಕರಣದ ಅಂಗಡಿಯ ಹಿಂದೆ ಮರ ಕಡೆಯುವ ಲೇತ್ ಯಂತ್ರ ತಿರುಗುತ್ತಿತ್ತು. ಹಲಸಿನ ಮರದ ಹುಡಿಯ ವಾಸನೆ ಬಂದದ್ದೇ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

ನಾನು ಸಣ್ಣದಿರುವಾಗ, ಮರದ ಆಚಾರಿಯಾಗಿದ್ದ ನಮ್ಮ ಅಪ್ಪಯ್ಯ ಮಂಗಳೂರಿನಿಂದ ದೊಡ್ಡ ಲೇತ್ ತಂದು, ಪುತ್ತಿಗೆಯ ಮನೆಯ ಚಾವಡಿಯಲ್ಲಿ ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದರು. ಅದನ್ನು ತಿರುಗಿಸುವ ಡೀಸೆಲ್ ಇಂಜಿನ್ ಹೊರಟರೆ ಗೋಡೆಯ ದೇವರ ಪಟವೂ ನಡುಗುತ್ತಿತ್ತು. ನಾನು ಅಮ್ಮನ ಸೆರಗು ಬಿಡುತ್ತಿರಲಿಲ್ಲ.

ಒಂದು ದಿನ ಅಪ್ಪಯ್ಯ ಬರಿಮೈಯಲ್ಲಿ ಲೇತಿನ ಮೇಲೆ ಬಗ್ಗಿದಾಗ ಜನಿವಾರ ನೇತಾಡುತ್ತಿತ್ತು. "ಅದನ್ನು ಕಿವಿಗಾದರೂ ಸುತ್ತಿಕೊಳ್ಳಿ" ಎಂದರು ಅಮ್ಮ.

"ಕಿವಿಗೆ ಸುತ್ತುವುದು ಚೊಂಬು ಹಿಡಿದು ಗುಡ್ಡೆಗೆ ಹೋಗುವಾಗ ಮಾರಾಯ್ತಿ. ಇದು ದೇವರ ಪಲ್ಲಕ್ಕಿಯ ಕೆಲಸ."

ಅಷ್ಟರಲ್ಲಿ ಜನಿವಾರ ತಿರುಗುವ ಮರಕ್ಕೆ ಸುತ್ತಿ ಅವರ ತಲೆಯನ್ನು ಎಳೆಯಿತು. ನೂಲು ಫಟ್ಟನೆ ತುಂಡಾದದ್ದು ದೇವರ ದಯೆ. ಕುತ್ತಿಗೆಯಲ್ಲಿ ಕೆಂಪು ಗೆರೆ ಎದ್ದಿತ್ತು.

ನಾನು ಎಷ್ಟು ಕರೆದರೂ ಅಪ್ಪಯ್ಯ ಮಾತಾಡಲಿಲ್ಲ, ಬರೀ ಕೈಸನ್ನೆ ಮಾಡಿದರು. ಯಂತ್ರ ಅವರ ಸ್ವರವನ್ನೇ ಕಡಿದಿದೆ ಎಂದುಕೊಂಡೆ. ಜನಿವಾರ ತುಂಡಾದರೆ ಹೊಸದು ಹಾಕುವವರೆಗೆ ಮಾತಾಡಬಾರದೆಂದು ನನಗೇನು ಗೊತ್ತು? ಅಮ್ಮ ದೇವರ ಕೋಣೆಯಿಂದ ಹೊಸ ಜನಿವಾರ ತಂದುಕೊಟ್ಟರು. ಅದನ್ನು ಧರಿಸಿದ ಮೇಲೆ ಅಪ್ಪಯ್ಯ ನನ್ನ ತಲೆ ಸವರಿದರು. "ಹೆದರಬೇಡ ಮಗಾ, ಸ್ವರ ಉಂಟು."

ಮರುದಿನದಿಂದ ಅವರು ಜನಿವಾರವನ್ನು ಕಿವಿಗೆ ಸುತ್ತಿಯೇ ಲೇತಿನ ಹತ್ತಿರ ಹೋಗುತ್ತಿದ್ದರು. "ಗುಡ್ಡೆಗಾ?" ಎಂದು ಅಮ್ಮ ಕೇಳುತ್ತಿದ್ದರು.

ಮೊನ್ನೆ ಮಿಜಾರಿನ ಲೇತಿನ ಎದುರಿದ್ದ ಆಚಾರಿಯ ಹೆಗಲಿನಿಂದ ಬೆವರೊರೆಸುವ ಬೈರಾಸು ನೇತಾಡುತ್ತಿತ್ತು. "ಅದನ್ನು ತೆಗೆದಿಡಿ" ಎಂದೆ. ಲೇತಿನ ಶಬ್ದಕ್ಕೆ ಅವರಿಗೆ ಕೇಳಿಸಲಿಲ್ಲ; ಕೈಸನ್ನೆ ಮಾಡಿದೆ. ಅವರು ಅದನ್ನು ತೆಗೆಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.